ತೀರ್ಥವನ್ನು ಅಳೆಯಬಹುದೇ?

2025ರ ಜನವರಿ, ಫೆಬ್ರವರಿಯಲ್ಲಿ ಪ್ರಯಾಗದಲ್ಲಿ ಮಹಾಕುಂಭ ನಡೆಯುತ್ತಿದ್ದಾಗಲೇ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣಕ್ಕೆ ಒಂದು ವರದಿ ಕೊಟ್ಟಿತು. ಪರೀಕ್ಷೆ ಮಾಡಿದ ಹಲವು ಸಂದರ್ಭಗಳಲ್ಲಿ ಅಲ್ಲಿನ ನೀರು ಮಲಜನ್ಯ ಕೋಲಿಫಾರ್ಮ್ ಬ್ಯಾಕ್ಟೀರಿಯಾದ ಲೆಕ್ಕದಲ್ಲಿ ಸ್ನಾನಕ್ಕೆ ಗೊತ್ತುಪಡಿಸಿದ ಮಟ್ಟವನ್ನು ದಾಟಿತ್ತು ಎಂಬುದು ಅದರ ಸಾರ. ಕೆಲವೇ ದಿನಗಳಲ್ಲಿ ಉತ್ತರ ಪ್ರದೇಶದ ಮುಖ್ಯಮಂತ್ರಿ ವಿಧಾನಸಭೆಯಲ್ಲಿ ಅದನ್ನು ಅಲ್ಲಗಳೆದು, ನೀರು ಸ್ನಾನಕ್ಕಷ್ಟೇ ಏಕೆ, ಆಚಮನಕ್ಕೂ ಯೋಗ್ಯವಾಗಿದೆ ಎಂದರು. ಈ ಜಗಳವನ್ನು ಹೆಚ್ಚಿನವರು ರಾಜಕೀಯದ ಜಗಳವೆಂದೇ ಓದಿದರು. ಆದರೆ ಅದರ ತಳದಲ್ಲಿ ಇನ್ನೊಂದು ಪ್ರಶ್ನೆ ಇತ್ತು, ಅದು ರಾಜಕೀಯಕ್ಕಿಂತ ಬಹಳ ಹಳೆಯದು. ಯಾವ ನದಿಯನ್ನು ತೀರ್ಥವೆಂದು ತಲೆಯ ಮೇಲೆ ಪ್ರೋಕ್ಷಿಸಿಕೊಳ್ಳುತ್ತೇವೋ, ಅದರ ಒಂದು ಬೊಗಸೆ ನೀರನ್ನು ಗಾಜಿನ ಕೊಳವೆಗೆ ಹಾಕಿ ಇದು ಯೋಗ್ಯ, ಇದು ಅಯೋಗ್ಯ ಎಂದು ಹೇಳುವ ಅಧಿಕಾರ ಯಾರಿಗಿದೆ? ನಂಬಿಕೆಯುಳ್ಳವನು ಆ ಕೊಳವೆಯ ಮಾತನ್ನು ಕೇಳಬೇಕೆ? ಕೇಳಲೇಬೇಕು, ನಂಬದವನಿಗಿಂತ ನಂಬುವವನೇ ಹೆಚ್ಚು ಕಿವಿಗೊಟ್ಟು ಕೇಳಬೇಕು ಎಂಬುದು ನನ್ನ ವಾದ. ಅದಕ್ಕೆ ಬೇಕಾದ ಆಧಾರವೂ ನಮ್ಮ ಶಾಸ್ತ್ರಚಿಂತನೆಯ ಒಳಗೇ ಇದೆ.

ಶಾಸ್ತ್ರ ಎಲ್ಲಿ ಪ್ರಮಾಣ, ಎಲ್ಲಿ ಅಲ್ಲ ಎಂಬುದನ್ನು ಮೀಮಾಂಸಕರು ಬಹಳ ಎಚ್ಚರದಿಂದ ಗೆರೆ ಹಾಕಿ ಹೇಳಿದ್ದಾರೆ. ಬೇರೆ ಯಾವ ದಾರಿಯಿಂದಲೂ ತಿಳಿಯದ್ದನ್ನು ತಿಳಿಸುವುದೇ ಶಾಸ್ತ್ರದ ಕೆಲಸ. ಕಣ್ಣಿನಿಂದ, ತರ್ಕದಿಂದ ತಿಳಿಯಬಹುದಾದ ವಿಷಯದಲ್ಲಿ ಅದು ಬಾಯಿ ಹಾಕುವುದಿಲ್ಲ, ಹಾಕಬೇಕಾದ ಅಗತ್ಯವೂ ಅದಕ್ಕಿಲ್ಲ. ಶಂಕರರು ಗೀತಾಭಾಷ್ಯದ ಕೊನೆಯ ಭಾಗದಲ್ಲಿ ಇದೇ ನಿಲುವನ್ನು ಇನ್ನೂ ಖಂಡಿತವಾಗಿ ಇಟ್ಟಿದ್ದಾರೆ: ಬೆಂಕಿ ತಣ್ಣಗಿದೆ ಎಂದು ಎಷ್ಟು ಶ್ರುತಿವಾಕ್ಯಗಳು ಬಂದರೂ ಆ ವಿಷಯದಲ್ಲಿ ಅವು ಪ್ರಮಾಣವಾಗಲಾರವು ಎಂಬುದು ಅವರ ಆಶಯ. ಉಡುಪಿಯ ಮಧ್ವಾಚಾರ್ಯರು ಶಂಕರರ ಅನೇಕ ಸಿದ್ಧಾಂತಗಳನ್ನು ತಿರಸ್ಕರಿಸಿದವರು. ಅವರೂ ಈ ಎಡೆಯಲ್ಲಿ ದೂರ ಹೋಗುವುದಿಲ್ಲ. ಯಾವ ಪ್ರತ್ಯಕ್ಷವನ್ನು ಆಧರಿಸಿ ಆಗಮ ನಿಂತಿದೆಯೋ ಆ ಪ್ರತ್ಯಕ್ಷವನ್ನೇ ಆಗಮ ಕೆಡವಲಾರದು ಎಂಬ ಉಪಜೀವ್ಯದ ತತ್ತ್ವಕ್ಕೆ ಅವರ ಪರಂಪರೆ ದೊಡ್ಡ ಸ್ಥಾನ ಕೊಟ್ಟಿದೆ. ಇದನ್ನು ಗಂಗೆಗೆ ಅನ್ವಯಿಸಿ ನೋಡೋಣ. ಗಂಗಾಸ್ನಾನದಿಂದ ಪಾಪ ತೊಳೆಯುತ್ತದೆ ಎಂಬುದು ಅದೃಷ್ಟಫಲದ, ಅಂದರೆ ಕಣ್ಣಿಗೆ ಕಾಣದ ಫಲದ ಮಾತು. ಅದನ್ನು ಹೇಳಲು ಶಾಸ್ತ್ರಕ್ಕೇ ಅಧಿಕಾರ, ಯಾವ ಪ್ರಯೋಗಾಲಯವೂ ಅದನ್ನು ಸಾಧಿಸಲಾರದು, ಅಲ್ಲಗಳೆಯಲೂ ಆರದು. ಆದರೆ ಈ ಘಾಟಿನ ನೀರಿನಲ್ಲಿ ಊರಿನ ಚರಂಡಿ ಬೆರೆತಿದೆಯೇ, ಕುಡಿದರೆ ವಾಂತಿಭೇದಿ ಆದೀತೇ ಎಂಬುದು ದೃಷ್ಟವಿಷಯ. ಇಲ್ಲಿ ಪುರಾಣದ ಮಹಿಮಾವಾಕ್ಯ ತಂದು ಉತ್ತರ ಹೇಳುವವನು ಶಾಸ್ತ್ರಕ್ಕೆ ಗೌರವ ತೋರಿದಂತಾಗಲಿಲ್ಲ. ಶಾಸ್ತ್ರ ತಾನೇ ಹಾಕಿಕೊಂಡ ಗೆರೆಯನ್ನು ಅದರ ಹೆಸರಿನಲ್ಲಿ ಅವನು ದಾಟಿದ ಹಾಗಾಯಿತು. ಕೋಲಿಫಾರ್ಮ್ ಲೆಕ್ಕ ಹಿಡಿದುಕೊಂಡು ಬಂದು, ನೋಡಿ ನಿಮ್ಮ ಗಂಗೆ ಪವಿತ್ರಳಲ್ಲ ಎನ್ನುವವನೂ ಆಚೆ ಕಡೆಯಿಂದ ಅದೇ ಗೆರೆಯನ್ನು ತುಳಿಯುತ್ತಾನೆ.

ಕಾಶಿಯ ಘಾಟುಗಳಲ್ಲಿ ದೀರ್ಘಕಾಲ ಅಧ್ಯಯನ ಮಾಡಿದ ಮಾನವಶಾಸ್ತ್ರಜ್ಞೆ ಕೆಲ್ಲಿ ಆ್ಯಲಿ ಅವರು ಗುರುತಿಸಿದ ಒಂದು ಸಂಗತಿ ಇಲ್ಲಿ ಮುಖ್ಯ. ಗಂಗೆಯಲ್ಲಿ ಕೊಳೆ ಇದೆ ಎಂದು ಅಲ್ಲಿನ ಪುರೋಹಿತರು ಒಪ್ಪುತ್ತಾರೆ, ಗಂಗೆ ಅಶುದ್ಧಳಾಗಿದ್ದಾಳೆ ಎಂದು ಒಪ್ಪುವುದಿಲ್ಲ. ಕೊಳೆ ಬೇರೆ, ಮೈಲಿಗೆ ಬೇರೆ ಎಂಬುದು ನಮ್ಮ ಮನೆಗಳಿಗೂ ಹೊಸ ವಿಚಾರವಲ್ಲ. ಮಡಿಬಟ್ಟೆ ಮಾಸಿರಬಹುದು, ಮೈಲಿಗೆಯ ಬಟ್ಟೆ ಬೆಳ್ಳಗಿರಬಹುದು. ಸುಧಾರಕರು ಈ ಭೇದವನ್ನು ಮೂಢನಂಬಿಕೆಯೆಂದು ಹಳಿಯುವುದುಂಟು. ನನಗೆ ಹಾಗೆ ಕಾಣುವುದಿಲ್ಲ. ಭೇದ ಸರಿಯಾಗಿಯೇ ಇದೆ, ಅದರಿಂದ ಎಳೆಯುವ ತೀರ್ಮಾನ ಮಾತ್ರ ತಪ್ಪು. ಗಂಗೆಯ ಪಾವಿತ್ರ್ಯ ಕೊಳೆಯಿಂದ ಕೆಡುವುದಿಲ್ಲವೆಂದಾದರೆ ಕೊಳೆಯನ್ನು ಅಳೆಯುವುದರಿಂದಲೂ ಅದು ಕೆಡುವುದಿಲ್ಲ. ಆಗ ಅಳೆಯಲು ಹೆದರುವುದೇಕೆ? ಆಗಮಗಳಲ್ಲಿ ಜೀರ್ಣೋದ್ಧಾರದ ವಿಧಿಗಳಿವೆ. ಮೂರ್ತಿಯಲ್ಲಿ ಬಿರುಕು ಬಿಟ್ಟಿದೆಯೇ, ಯಾವ ಅಂಗ ಭಿನ್ನವಾಗಿದೆ, ದುರಸ್ತಿಗೆ ಬರುತ್ತದೆಯೇ ಇಲ್ಲವೇ ಎಂದು ಪರೀಕ್ಷಿಸಿ, ಮೂರ್ತಿಯ ದೈವಕಳೆಯನ್ನು ಹೊರಗೆ ಆವಾಹಿಸುವ ಕಲಾಕರ್ಷಣೆ ಮಾಡಿ, ಸರಿಪಡಿಸಿ ಮತ್ತೆ ಪ್ರತಿಷ್ಠೆ ಮಾಡುವ ಕ್ರಮ ಅದು. ದೇವರ ವಿಗ್ರಹದಲ್ಲಿ ಬಿರುಕು ಹುಡುಕುವುದು ಅಪಚಾರವೆಂದು ಯಾವ ಆಗಮಿಕನೂ ಹೇಳಿಲ್ಲ, ಬಿರುಕನ್ನು ಕಂಡೂ ಸುಮ್ಮನಿರುವುದೇ ಅಪಚಾರ. ನೀರಿಗೆ ಮಲ, ಮೂತ್ರ, ಉಗುಳು, ರಕ್ತ, ವಿಷ ಇವನ್ನು ಬಿಡಬಾರದು ಎಂಬ ನಿಷೇಧ ಮನುಸ್ಮೃತಿಯ ನಾಲ್ಕನೆಯ ಅಧ್ಯಾಯದಲ್ಲಿದೆ. ನಿಷೇಧ ಇದೆ ಎಂದ ಮೇಲೆ ಅದು ಪಾಲನೆಯಾಗುತ್ತಿದೆಯೇ ಎಂದು ನೋಡುವ ಹೊಣೆಯೂ ಇದೆ. ಊರಿನ ಜನ ನೂರಿದ್ದ ಕಾಲದಲ್ಲಿ ಕಣ್ಣೇ ಸಾಕಾಗುತ್ತಿತ್ತು. ಲಕ್ಷಾಂತರ ಜನರ ಮಲ ನೆಲದಡಿಯ ಕೊಳವೆಯಲ್ಲಿ ಬಂದು ನದಿಗೆ ಸೇರುವ ಕಾಲದಲ್ಲಿ ಕಣ್ಣು ಸಾಲದು.

ಕಣ್ಣು ಸಾಲದಾದಾಗ ಏನು ಮಾಡುತ್ತಾರೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಏಕೆಂದರೆ ಯಂತ್ರದ ಮಾತು ಎಂದು ದೂರದಿಂದ ಕಾಣುವುದು ಹತ್ತಿರ ಹೋದರೆ ನಮ್ಮ ನ್ಯಾಯದರ್ಶನದ ತಾರ್ಕಿಕರಾದ ನೈಯಾಯಿಕರ ಅನುಮಾನದಂತೆಯೇ, ಕಂಡ ಗುರುತಿನಿಂದ ಕಾಣದ್ದನ್ನು ತಿಳಿಯುವ ಕ್ರಮದಂತೆಯೇ ಇದೆ. ಕೋಲಿಫಾರ್ಮ್ ಎಣಿಸುವ ಹಳೆಯ, ಇಂದಿಗೂ ನಂಬಿಕೆಗೆ ಅರ್ಹವಾದ ವಿಧಾನ ಹೀಗಿದೆ. ಕ್ರಿಮಿಶುದ್ಧ ಮಾಡಿದ ಸೀಸೆಯಲ್ಲಿ ನೀರು ತುಂಬಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು, ಬೇಗನೆ ಪ್ರಯೋಗಾಲಯಕ್ಕೆ ತರುತ್ತಾರೆ. ಲ್ಯಾಕ್ಟೋಸ್ ಸಕ್ಕರೆ ಇರುವ ಸಾರದ ಕೊಳವೆಗಳ ಸಾಲಿಗೆ ಆ ನೀರನ್ನು 10 ಮಿಲಿಲೀಟರ್, 1 ಮಿಲಿಲೀಟರ್, 0.1 ಮಿಲಿಲೀಟರ್ ಹೀಗೆ ಇಳಿಕೆಯ ಪ್ರಮಾಣದಲ್ಲಿ ಬೆರೆಸುತ್ತಾರೆ. ಪ್ರತಿ ಕೊಳವೆಯೊಳಗೆ ಡರ್ಹಾಮ್ ಕೊಳವೆ ಎಂಬ ಪುಟ್ಟ ನಳಿಗೆಯನ್ನು ಬೋರಲಾಗಿ ಇಟ್ಟಿರುತ್ತಾರೆ. ಬ್ಯಾಕ್ಟೀರಿಯಾ ಸಕ್ಕರೆಯನ್ನು ತಿಂದು ಅನಿಲ ಬಿಟ್ಟರೆ ಅದರಲ್ಲಿ ಗುಳ್ಳೆ ನಿಲ್ಲುತ್ತದೆ. ಗುಳ್ಳೆ ಕಂಡ ಕೊಳವೆಗಳಿಂದ ಒಂದಿಷ್ಟು ತೆಗೆದು ಇನ್ನೊಂದು ಸಾರಕ್ಕೆ ಹಾಕಿ 44.5 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಂದು ದಿನ ಇಡುತ್ತಾರೆ. ಬೆಚ್ಚಗಿನ ರಕ್ತದ ಪ್ರಾಣಿಗಳ ಕರುಳಿನಲ್ಲಿ ಬಾಳುವ ಜಾತಿಗಳು ಆ ಶಾಖವನ್ನು ತಾಳಿಕೊಳ್ಳುತ್ತವೆ, ಮಣ್ಣಿನ ಹೆಚ್ಚಿನ ಜಾತಿಗಳು ತಾಳುವುದಿಲ್ಲ. ಅಲ್ಲಿಯೂ ಗುಳ್ಳೆ ಬಂದರೆ, ಎಷ್ಟು ಕೊಳವೆಗಳಲ್ಲಿ ಬಂತು ಎಂಬುದನ್ನು ಕೋಷ್ಟಕದೊಂದಿಗೆ ಹೋಲಿಸಿ 100 ಮಿಲಿಲೀಟರ್ ನೀರಿನಲ್ಲಿ ಇರಬಹುದಾದ ಸಂಖ್ಯೆಯನ್ನು ಹೇಳುತ್ತಾರೆ. ಆ ಸಂಖ್ಯೆಗೆ ಅತಿ ಸಂಭವನೀಯ ಸಂಖ್ಯೆ, ಚಿಕ್ಕದಾಗಿ ಎಂಪಿಎನ್ ಎಂದು ಹೆಸರು. ಸ್ನಾನದ ನೀರಿಗೆ ನಮ್ಮ ದೇಶದಲ್ಲಿ 500 ಅಪೇಕ್ಷಣೀಯ, 2500 ಗರಿಷ್ಠ ಮಿತಿ.

ಇಡೀ ಪ್ರಕ್ರಿಯೆಯಲ್ಲಿ ಯಾರೂ ಮಲವನ್ನು ಕಾಣುವುದಿಲ್ಲ, ರೋಗವನ್ನೂ ಕಾಣುವುದಿಲ್ಲ. ಕಾಣುವುದು ಒಂದು ಗುಳ್ಳೆ. ಗುಳ್ಳೆಯಿಂದ ಬ್ಯಾಕ್ಟೀರಿಯಾ, ಬ್ಯಾಕ್ಟೀರಿಯಾದಿಂದ ಮಲ, ಮಲದಿಂದ ರೋಗದ ಸಾಧ್ಯತೆ. ಬೆಟ್ಟದಲ್ಲಿ ಹೊಗೆ ಕಂಡು ಬೆಂಕಿಯನ್ನು ಊಹಿಸುವ ನ್ಯಾಯದ ಪಾಠದ ಉದಾಹರಣೆ ಇಲ್ಲಿ ಮೂರು ಮೆಟ್ಟಿಲಾಗಿ ನಿಂತಿದೆ. ನೈಯಾಯಿಕರು ಹೇತುವಿಗೆ, ಅಂದರೆ ಹೊಗೆಯಂಥ ಗುರುತಿಗೆ ಕೇಳುವ ಪ್ರಶ್ನೆಗಳನ್ನೆಲ್ಲ ಇಲ್ಲಿಯೂ ಕೇಳಬೇಕು, ಪ್ರಯೋಗಾಲಯದವರು ಕೇಳುತ್ತಲೂ ಇದ್ದಾರೆ. ವ್ಯಾಪ್ತಿ, ಅಂದರೆ ಗುರುತಿಗೂ ಅದು ಸೂಚಿಸುವುದಕ್ಕೂ ಇರುವ ತಪ್ಪದ ನಂಟು, ಗಟ್ಟಿಯಾಗಿದೆಯೇ? ಪೂರ್ತಿಯಾಗಿ ಇಲ್ಲ. ಕ್ಲೆಬ್ಸಿಯೆಲ್ಲಾ ಎಂಬ ಕುಲದ ಕೆಲವು ಬ್ಯಾಕ್ಟೀರಿಯಾಗಳು ಕಾಗದದ ಕಾರ್ಖಾನೆಯ ತ್ಯಾಜ್ಯದಲ್ಲೂ ಬೆಳೆದು, ಆ ಶಾಖವನ್ನು ತಾಳಿ ಗುಳ್ಳೆ ಬಿಡಬಲ್ಲವು. ನ್ಯಾಯದ ಪರಿಭಾಷೆಯಲ್ಲಿ ಇದು ವ್ಯಭಿಚಾರ. ಅದಕ್ಕಾಗಿಯೇ ಇನ್ನೂ ನಿರ್ದಿಷ್ಟವಾದ ಗುರುತಾಗಿ ಇ. ಕೋಲಿಯನ್ನು ಪ್ರತ್ಯೇಕವಾಗಿ ಹುಡುಕುವ ಪದ್ಧತಿ ಬಂತು. ಹೇತು ಇಲ್ಲದಲ್ಲಿ ಸಾಧ್ಯವೂ, ಅಂದರೆ ಅದು ಸೂಚಿಸುವ ಸಂಗತಿಯೂ ಇಲ್ಲವೇ? ಹಾಗೂ ಹೇಳುವಂತಿಲ್ಲ. ಗುಳ್ಳೆ ಬಾರದ ನೀರಿನಲ್ಲಿ ಕಾನ್ಪುರದ ಚರ್ಮದ ಹದಗಾರಿಕೆಯಿಂದ ಬಂದ ಕ್ರೋಮಿಯಂ ಇರಬಹುದು, ಅದನ್ನು ಕಾಣಿಸಲು ಪರಮಾಣು ಹೀರಿಕೆಯ ರೋಹಿತಮಾಪಕದಂಥ ಬೇರೆ ಉಪಕರಣ ಬೇಕು. ಯಂತ್ರಕ್ಕೆ ಅಹಂಕಾರವಿದೆ, ಅದು ಎಲ್ಲವನ್ನೂ ಸಂಖ್ಯೆಗೆ ಇಳಿಸಿ ಸತ್ಯವೆನ್ನುತ್ತದೆ ಎಂದು ಆಕ್ಷೇಪಿಸುವವರು ಈ ಎಂಪಿಎನ್ ಎಂಬ ಹೆಸರನ್ನಾದರೂ ಗಮನಿಸಬೇಕು. ತಾನು ಹೇಳುವುದು ಅತಿ ಸಂಭವನೀಯವಾದದ್ದಷ್ಟೇ, ಇದಮಿತ್ಥಂ ಎಂದಲ್ಲ ಎಂದು ಆ ಸಂಖ್ಯೆ ತನ್ನ ಹೆಸರಿನಲ್ಲೇ ಒಪ್ಪಿಕೊಂಡಿದೆ. ಇಷ್ಟು ವಿನಯ ಎಷ್ಟೋ ಧರ್ಮಪ್ರವಚನಗಳಲ್ಲಿ ನಮಗೆ ಸಿಗುವುದಿಲ್ಲ ಎಂದು ನೋವಿನಿಂದಲೇ ಹೇಳಬೇಕಾಗಿದೆ.

ಇನ್ನೊಂದು ಆಕ್ಷೇಪ ವಿಜ್ಞಾನದ ವೇಷದಲ್ಲೇ ಬರುತ್ತದೆ. ಗಂಗೆಗೆ ತನ್ನನ್ನು ತಾನೇ ಶುಚಿ ಮಾಡಿಕೊಳ್ಳುವ ಶಕ್ತಿಯಿದೆ, ಬ್ರಿಟಿಷ್ ವಿಜ್ಞಾನಿಯೇ ಅದನ್ನು ಒಪ್ಪಿದ್ದಾನೆ ಎಂಬುದು ಆ ವಾದ. ಒಪ್ಪಿದ್ದು ನಿಜ. ಆಗ್ರಾದಲ್ಲಿ ಸರ್ಕಾರಿ ರಾಸಾಯನಿಕ ಪರೀಕ್ಷಕನಾಗಿದ್ದ ಅರ್ನೆಸ್ಟ್ ಹ್ಯಾಂಕಿನ್ 1896ರಲ್ಲಿ ಪ್ಯಾರಿಸಿನ ಪಾಶ್ಚರ್ ಸಂಸ್ಥೆಯ ಪತ್ರಿಕೆಯಲ್ಲಿ ಗಂಗೆ ಮತ್ತು ಯಮುನೆಯ ನೀರು ಕಾಲರಾದ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ ಎಂದು ಬರೆದ. ಬ್ಯಾಕ್ಟೀರಿಯಾಗಳನ್ನು ಕೊಲ್ಲುವ ಬ್ಯಾಕ್ಟೀರಿಯೋಫೇಜ್ ಎಂಬ ವೈರಸ್‌ಗಳಿಗೆ 1917ರಲ್ಲಿ ಫೆಲಿಕ್ಸ್ ದೆರೆಲ್ ಹೆಸರಿಟ್ಟ ಮೇಲೆ ಹ್ಯಾಂಕಿನ್ ಕಂಡದ್ದು ಅವುಗಳ ಕೆಲಸವೇ ಇರಬೇಕೆಂದು ಹಲವರು ಭಾವಿಸಿದರು. ಇದನ್ನು ಹೆಮ್ಮೆಯಿಂದ ಉಲ್ಲೇಖಿಸುವವರು ಒಂದು ಮಾತನ್ನು ಮರೆಯುತ್ತಾರೆ. ಹ್ಯಾಂಕಿನ್ ಈ ಮಹಿಮೆಯನ್ನು ಕಂಡುಕೊಂಡದ್ದು ಅಳೆದು, ಎಣಿಸಿ. ಅವನ ಎಣಿಕೆಯನ್ನು ಒಪ್ಪುವವರು ಇಂದಿನ ಎಣಿಕೆಯನ್ನು ಮಾತ್ರ ತಳ್ಳಿಹಾಕುವುದು ಹೇಗೆ? ಅಲ್ಲದೆ ಫೇಜುಗಳು ಒಂದೊಂದೂ ಒಂದೊಂದು ಬಗೆಯ ಬ್ಯಾಕ್ಟೀರಿಯಾವನ್ನೇ ಹಿಡಿಯುತ್ತವೆ, ಆ ಬ್ಯಾಕ್ಟೀರಿಯಾ ಇದ್ದಲ್ಲೇ ಅವು ಹೆಚ್ಚುತ್ತವೆ. ನದಿಗೆ ಚೇತರಿಸಿಕೊಳ್ಳುವ ಶಕ್ತಿಯಿದೆ ಎಂಬುದು ಸತ್ಯ. ಆ ಶಕ್ತಿಯನ್ನು ಮೀರಿ ಕೊಳೆ ಸುರಿಯುತ್ತಿದ್ದೇವೆಯೇ ಎಂಬುದೇ ಪ್ರಶ್ನೆ. ನೀರಿನಲ್ಲಿ ಕರಗಿದ ಆಮ್ಲಜನಕದ ಅಳತೆ, ಸೂಕ್ಷ್ಮಜೀವಿಗಳು ಆ ಆಮ್ಲಜನಕವನ್ನು ಎಷ್ಟು ಬೇಡುತ್ತವೆ ಎಂಬ ಬಿಒಡಿ ಅಳತೆ, ಇವು ಇರುವುದೇ ಆ ಪ್ರಶ್ನೆಗಾಗಿ. ಸ್ನಾನದ ನೀರಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 5 ಮಿಲಿಗ್ರಾಂಗಿಂತ ಕಡಿಮೆಯಾಗಬಾರದು, ಬಿಒಡಿ 3 ಮಿಲಿಗ್ರಾಂ ಮೀರಬಾರದು ಎಂಬ ನಿಯಮ ನದಿಯ ಚೇತರಿಕೆಯ ಶಕ್ತಿಗೆ ಹಿಡಿದ ಲೆಕ್ಕವೇ.

ಇಷ್ಟಾದರೂ ಸ್ನಾನಕ್ಕೆ ಬಂದ ಭಕ್ತನಿಗೆ ಆ ಗುಳ್ಳೆ ಪ್ರತ್ಯಕ್ಷವೂ ಅಲ್ಲ, ಅವನ ಸ್ವಂತ ಅನುಮಾನವೂ ಅಲ್ಲ. ಯಾರೋ ಹೇಳಿದ ಮಾತಾಗಿ ಅದು ಅವನ ಕಿವಿಗೆ ಬೀಳುತ್ತದೆ. ಅಂದರೆ ಮಾಲಿನ್ಯದ ಅಂಕಿ ಜನರನ್ನು ಮುಟ್ಟುವುದು ಶಬ್ದಪ್ರಮಾಣವಾಗಿ, ಆಪ್ತವಾಕ್ಯವಾಗಿ. ಆಪ್ತ ಯಾರು? ನ್ಯಾಯಸೂತ್ರದ ಭಾಷ್ಯದಲ್ಲಿ ವಾತ್ಸ್ಯಾಯನ ಕೊಡುವ ಲಕ್ಷಣ ಸರಳ: ವಿಷಯವನ್ನು ನೇರವಾಗಿ ಬಲ್ಲವನು, ಬಲ್ಲದ್ದನ್ನು ಹಾಗೆಯೇ ತಿಳಿಸಬೇಕೆಂಬ ಬಯಕೆ ಉಳ್ಳವನು. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ ಎಂದೂ ಅವನು ಸೇರಿಸುತ್ತಾನೆ. ಕುಲ, ಪದವಿ, ವೇಷ ಯಾವುದೂ ಆಪ್ತತ್ವವನ್ನು ಕೊಡುವುದಿಲ್ಲ, ಕಸಿಯುವುದೂ ಇಲ್ಲ. ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ತಿರುಳು ಇಲ್ಲಿದೆ. ಉಪಕರಣ ಎಷ್ಟೇ ಸೂಕ್ಷ್ಮವಾಗಿರಲಿ, ಸೀಸೆಯನ್ನು ಎಲ್ಲಿ ಮುಳುಗಿಸಬೇಕು ಎಂಬುದನ್ನು ನಿರ್ಧರಿಸುವವನು ಮನುಷ್ಯ. ನಡುಹೊಳೆಯಲ್ಲಿ ತುಂಬಿದ ಸೀಸೆ ಒಂದು ಕಥೆ ಹೇಳುತ್ತದೆ, ಚರಂಡಿ ಬೀಳುವ ಬಾಯಿಯ ಕೆಳಗೆ ತುಂಬಿದ್ದು ಇನ್ನೊಂದನ್ನು ಹೇಳುತ್ತದೆ. 2014ರಿಂದ ಹೆಚ್ಚು ಮಾಲಿನ್ಯ ಮಾಡುವ 17 ವರ್ಗಗಳ ಕೈಗಾರಿಕೆಗಳು ತಮ್ಮ ತ್ಯಾಜ್ಯವನ್ನು ದಿನವಿಡೀ ಅಳೆಯುವ ಆನ್‌ಲೈನ್ ಉಪಕರಣ ಇಡಬೇಕೆಂಬ ನಿರ್ದೇಶನವಿದೆ. ಆ ಸೆನ್ಸರನ್ನು ತೆಗೆದು ಶುದ್ಧ ನೀರಿನ ಪಾತ್ರೆಯಲ್ಲಿ ಮುಳುಗಿಸಿಟ್ಟರೆ ಅದು ಇಪ್ಪತ್ನಾಲ್ಕು ಗಂಟೆಯೂ ಶುದ್ಧ ನೀರಿನ ಅಂಕಿಯನ್ನೇ ಕಳಿಸುತ್ತಿರುತ್ತದೆ. ಸುಳ್ಳು ಹೇಳುವ ಶಕ್ತಿ ಸೆನ್ಸರಿಗಿಲ್ಲ, ಅದನ್ನು ಇಟ್ಟವನಿಗಿದೆ. ಆದ್ದರಿಂದ ಮಾಲಿನ್ಯಮಾಪನ ಕೇವಲ ತಂತ್ರದ ವಿಷಯವೆಂದು ತಂತ್ರಜ್ಞರಿಗೆ ಬಿಟ್ಟು ಕೂರುವಂತಿಲ್ಲ. ಅದು ಸತ್ಯನಿಷ್ಠೆಯ ವಿಷಯ, ಹಾಗಾಗಿ ಧರ್ಮದ ವಿಷಯ.

ಆಪ್ತನ ಎರಡೂ ಲಕ್ಷಣ ಒಬ್ಬರಲ್ಲೇ ಕೂಡಿದ್ದನ್ನು ಕಾಶಿ ಕಂಡಿದೆ. ವೀರಭದ್ರ ಮಿಶ್ರರು ಸಂಕಟಮೋಚನ ಹನುಮಂತನ ದೇವಾಲಯದ ಮಹಂತರಾಗಿದ್ದರು, ತುಳಸೀದಾಸರ ನೆನಪಿನ ತುಳಸೀ ಘಾಟಿನಲ್ಲಿ ಅವರ ವಾಸ. ಬನಾರಸ ಹಿಂದೂ ವಿಶ್ವವಿದ್ಯಾಲಯದಲ್ಲಿ ಹೈಡ್ರಾಲಿಕ್ ಎಂಜಿನಿಯರಿಂಗ್ ಪ್ರಾಧ್ಯಾಪಕರೂ ಅವರೇ ಆಗಿದ್ದರು. 1982ರಲ್ಲಿ ಅವರು ಸಂಕಟಮೋಚನ ಫೌಂಡೇಶನ್ ಸ್ಥಾಪಿಸಿದರು, ಮುಂದೆ ಘಾಟಿನಲ್ಲೇ ನೀರಿನ ಪರೀಕ್ಷೆಗೆ ಪ್ರಯೋಗಾಲಯ ಮಾಡಿದರು. ಗಂಗೆಯಲ್ಲಿ ಮುಳುಗದೆ ಅವರ ದಿನ ಶುರುವಾಗುತ್ತಿರಲಿಲ್ಲ, ಆ ನೀರಿನಲ್ಲಿ ಏನಿದೆ ಎಂಬುದು ಅವರಿಗಿಂತ ಚೆನ್ನಾಗಿ ಬಲ್ಲವರೂ ಇರಲಿಲ್ಲ. 1986ರಲ್ಲಿ ಶುರುವಾದ ಗಂಗಾ ಕ್ರಿಯಾ ಯೋಜನೆ ನದಿಯನ್ನು ಶುದ್ಧಗೊಳಿಸುತ್ತಿದೆ ಎಂದು ಸರ್ಕಾರ ಹೇಳಿಕೊಂಡಾಗ ಅದನ್ನು ಪ್ರಶ್ನಿಸಲು ಅವರಿಗೆ ಭಾಷಣ ಬೇಕಾಗಲಿಲ್ಲ, ತಮ್ಮ ಪ್ರಯೋಗಾಲಯದ ದಾಖಲೆ ಸಾಕಾಯಿತು. ಮಹಂತರು ಗಂಗೆಯನ್ನು ಮಲಿನ ಎನ್ನಬಹುದೇ ಎಂದು ಕೇಳಿದವರಿದ್ದರು. ಅವರ ಬದುಕೇ ಅದಕ್ಕೆ ಉತ್ತರವಾಗಿತ್ತು: ಯಾರಿಗೆ ಗಂಗೆ ಬರೀ ನೀರೋ ಅವರು ಅಳೆಯದೆ ಬಿಟ್ಟುಬಿಡಬಹುದು, ಬೇರೆ ನೀರು ಹುಡುಕಿಕೊಳ್ಳಬಹುದು. ಯಾರಿಗೆ ಅವಳನ್ನು ಬಿಟ್ಟು ಬೇರೆ ಗತಿಯಿಲ್ಲವೋ ಅವರಿಗೆ ಅವಳ ಸ್ಥಿತಿ ತಿಳಿಯದೆ ನಿದ್ದೆ ಬರಲಾರದು.

ಮತ್ತೆ ಪ್ರಯಾಗಕ್ಕೆ ಬರೋಣ. ವಿವಾದ ಎದ್ದ ಮೇಲೆ ಮಂಡಳಿ ಇನ್ನೊಂದು ವರದಿ ಕೊಟ್ಟಿತು. ಒಂದೇ ಜಾಗದಲ್ಲಿ ದಿನದಿಂದ ದಿನಕ್ಕೆ, ಒಂದೇ ದಿನ ಜಾಗದಿಂದ ಜಾಗಕ್ಕೆ ಅಂಕಿಗಳು ಬಹಳ ಏರುಪೇರಾಗುತ್ತಿವೆ, ಆದ್ದರಿಂದ ಸಂಖ್ಯಾಶಾಸ್ತ್ರದ ವಿಶ್ಲೇಷಣೆ ಬೇಕಾಯಿತು ಎಂದು ಹೇಳಿ, ಎಲ್ಲ ಅಳತೆಗಳ ಮಧ್ಯಾಂಕವನ್ನು ತೆಗೆಯಿತು. ಮಲಜನ್ಯ ಕೋಲಿಫಾರ್ಮಿನ ಮಧ್ಯಾಂಕ 1400 ಬಂತು, ಮಿತಿ 2500, ಆದ್ದರಿಂದ ನೀರು ಸ್ನಾನಕ್ಕೆ ಯೋಗ್ಯ ಎಂಬ ನಿರ್ಣಯವಾಯಿತು. ಲೆಕ್ಕದಲ್ಲಿ ತಪ್ಪಿದೆ ಎಂದು ನಾನು ಹೇಳುತ್ತಿಲ್ಲ. ಮಧ್ಯಾಂಕ ಎಂದರೆ ಅರ್ಧ ಅಳತೆಗಳು ಅದಕ್ಕಿಂತ ಕೆಳಗೆ, ಅರ್ಧ ಮೇಲೆ. ಮೇಲಿನ ಅರ್ಧದಲ್ಲಿ ಎಷ್ಟು ಅಳತೆಗಳು ಮಿತಿಯನ್ನು ಮೀರಿವೆ, ಎಷ್ಟು ದೂರ ಮೀರಿವೆ ಎಂಬುದನ್ನು ಆ ಒಂದು ಅಂಕಿ ಹೇಳುವುದಿಲ್ಲ. ಕುಂಭಸ್ನಾನದ ಇಡೀ ಅರ್ಥ ನಿಂತಿರುವುದು ವಿಶೇಷದ ಮೇಲೆ. ಈ ತಿಥಿ, ಈ ಮುಹೂರ್ತ, ಈ ಸಂಗಮ ಎಂದು ಸಂಕಲ್ಪದಲ್ಲಿ ದೇಶಕಾಲಗಳನ್ನು ಹೆಸರಿಸಿಯೇ ಭಕ್ತ ಮುಳುಗುತ್ತಾನೆ. ಆರು ವಾರಗಳ, ಎಲ್ಲ ಜಾಗಗಳ ಮಧ್ಯಾಂಕದಲ್ಲಿ ಯಾರೂ ಮುಳುಗುವುದಿಲ್ಲ. ನಮ್ಮ ಸಂಕಲ್ಪಕ್ಕೆ ಇರುವಷ್ಟು ದೇಶಕಾಲನಿಷ್ಠೆಯನ್ನು ಮಂಡಳಿಯ ವರದಿಯಿಂದಲೂ ಕೇಳುವ ಹಕ್ಕು ಭಕ್ತನಿಗಿದೆ.

ಕೋಟ್ಯಂತರ ಜನ ಮುಳುಗಿ ಎದ್ದರು, ಯಾರಿಗೇನಾಯಿತು ಎಂಬ ಪ್ರಶ್ನೆ ಇನ್ನೂ ಉಳಿದಿದೆ. ಕೇಳಲು ಸರಳ, ಉತ್ತರಿಸಲು ಕಷ್ಟ, ಏಕೆಂದರೆ ಯಾತ್ರಿಕ ಯಾತ್ರೆಯ ಸ್ಥಳದಲ್ಲೇ ಕಾಯಿಲೆ ಬೀಳಬೇಕೆಂದಿಲ್ಲ. ಹೊಟ್ಟೆ ಕೆಡುವ ಹೊತ್ತಿಗೆ ಅವನು ಊರು ಸೇರಿರುತ್ತಾನೆ, ಅಲ್ಲಿನ ವೈದ್ಯ ಅದನ್ನು ಕುಂಭದ ಖಾತೆಗೆ ಬರೆಯುವುದಿಲ್ಲ. 1867ರ ಹರಿದ್ವಾರದ ಕುಂಭಮೇಳದ ಬಳಿಕ ಊರಿಗೆ ಮರಳಿದ ಯಾತ್ರಿಕರ ಜೊತೆಗೆ ಕಾಲರಾ ಉತ್ತರ ಭಾರತದ ಉದ್ದಕ್ಕೂ ಹರಡಿದ್ದು ದಾಖಲಾಗಿದೆ. ಇಂದು ಕ್ಲೋರಿನ್ ಇದೆ, ಔಷಧಿ ಇದೆ, ವ್ಯವಸ್ಥೆ ಎಷ್ಟೋ ಉತ್ತಮ. ಆದರೆ ನಮಗೆ ಕಂಡಿಲ್ಲ, ಆದ್ದರಿಂದ ಇಲ್ಲ ಎಂಬ ತರ್ಕ ಆಗಲೂ ಸರಿಯಿರಲಿಲ್ಲ, ಈಗಲೂ ಸರಿಯಲ್ಲ. ಕಾಣದ ಜೀವಿಗಳ ವಿಷಯದಲ್ಲಿ ಕರ್ತವ್ಯ ಉಂಟು ಎಂಬುದನ್ನು ಜೈನರು ಸೂಕ್ಷ್ಮದರ್ಶಕ ಹುಟ್ಟುವ ಎಷ್ಟೋ ಶತಮಾನ ಮೊದಲೇ ನೀರು ಸೋಸುವ ಬಟ್ಟೆಯ ನಿಯಮದಲ್ಲಿ ಬಾಳಿ ತೋರಿಸಿದ್ದಾರೆ. ಕಣ್ಣಿಗೆ ಬೀಳದ್ದಕ್ಕೆ ಹೊಣೆಯಾಗುವುದು ಧರ್ಮಕ್ಕೆ ಹೊರಗಿನಿಂದ ಬಂದ ವಿಚಾರವಲ್ಲ.

ಈ ಎಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡುವ ಆಕ್ಷೇಪ ಬೇರೆಯದು. ನಲವತ್ತು ವರ್ಷ ಅಳೆದದ್ದಾಯಿತು, ನದಿ ಶುದ್ಧವಾಯಿತೇ? ಅಳತೆಯೇ ಒಂದು ಕರ್ಮಕಾಂಡವಾಗಿ, ಅಂಕಿ ಬರೆದರೆ ಕರ್ತವ್ಯ ಮುಗಿಯಿತು ಎಂಬ ಸ್ಥಿತಿ ಬಂದಿಲ್ಲವೇ? ಇದನ್ನು ತಳ್ಳಿಹಾಕಲಾಗದು. ಮಿಶ್ರರ ಅನುಭವವೇ ಇದಕ್ಕೆ ಸಾಕ್ಷಿ. ಕಾಶಿಯ ಕೊಳಚೆಯನ್ನು ಪಂಪಿನಿಂದ ಎತ್ತುವ ಯೋಜನೆ ಕರೆಂಟು ಹೋದಾಗಲೆಲ್ಲ ನಿಂತು ಕೊಳಚೆ ಮತ್ತೆ ನದಿಗೇ ಬೀಳುತ್ತದೆ ಎಂದು ತೋರಿಸಿ, ನೆಲದ ಇಳಿಜಾರಿನಲ್ಲೇ ಹರಿದು ಹೋಗುವ ಕಾಲುವೆ ಮತ್ತು ಪಾಚಿಯ ಹೊಂಡಗಳಲ್ಲಿ ಶುದ್ಧಿಯಾಗುವ ವಿಧಾನವನ್ನು ಅವರು ಮುಂದಿಟ್ಟರು. ಹೊಂಡಗಳ ವಿಧಾನ ಕ್ಯಾಲಿಫೋರ್ನಿಯಾದ ಬರ್ಕ್ಲಿಯ ವಿಲಿಯಂ ಆಸ್ವಾಲ್ಡ್ ರೂಪಿಸಿದ್ದು. 2013ರಲ್ಲಿ ಮಿಶ್ರರು ತೀರಿಕೊಳ್ಳುವವರೆಗೂ ಅದು ಕಾಶಿಯಲ್ಲಿ ಕೈಗೂಡಲಿಲ್ಲ. ಜ್ಞಾನವಿದ್ದ ಮಾತ್ರಕ್ಕೆ ಕ್ರಿಯೆ ಬರುವುದಿಲ್ಲ, ಇದು ವೇದಾಂತಿಗೂ ಗೊತ್ತಿರುವ ದುಃಖ. ಆದರೂ ಪಂಪು ನಿಂತಾಗ ನೀರು ಕೆಡುತ್ತದೆ ಎಂದು ಮಿಶ್ರರು ಹೇಳಬಲ್ಲವರಾದದ್ದು ಅಳತೆಯಿಂದಲೇ. ಅಳತೆಯಿಲ್ಲದಿದ್ದರೆ ಯೋಜನೆ ಗೆದ್ದಿತೆಂಬ ಸರ್ಕಾರಿ ಮಾತೇ ಕೊನೆಯ ಮಾತಾಗುತ್ತಿತ್ತು. ಅಳತೆಯಿಂದ ನದಿ ಶುದ್ಧವಾಗುವುದಿಲ್ಲ, ಆದರೆ ಶುದ್ಧವಾಯಿತೆಂಬ ಸುಳ್ಳು ನಿಲ್ಲಲು ಅದು ಬಿಡುವುದಿಲ್ಲ. ಧಾರ್ಮಿಕನಿಗೆ ಅದು ಸಣ್ಣ ವಿಷಯವಾಗಬಾರದು.

ನಮ್ಮ ಕಡೆಗೂ ಈ ಮಾತು ನೇರವಾಗಿ ಬರುತ್ತದೆ. 2018ರಲ್ಲಿ ಕೇಂದ್ರ ಮಂಡಳಿ ದೇಶದಲ್ಲಿ ಮಲಿನವಾದ 351 ನದೀಭಾಗಗಳನ್ನು ಗುರುತಿಸಿದಾಗ ಕರ್ನಾಟಕದ ಪಾಲಿಗೆ 17 ಬಂದವು. ಪಟ್ಟಿಯಲ್ಲಿ ಕಾವೇರಿ, ಕಬಿನಿ, ತುಂಗಾ, ಭದ್ರಾ, ತುಂಗಭದ್ರಾ, ನೇತ್ರಾವತಿ, ಕುಮಾರಧಾರಾ, ಮಲಪ್ರಭಾ, ಕೃಷ್ಣಾ ಎಲ್ಲವೂ ಇದ್ದವು. ನಂಜನಗೂಡಿನಲ್ಲಿ, ಧರ್ಮಸ್ಥಳದಲ್ಲಿ, ಸುಬ್ರಹ್ಮಣ್ಯದಲ್ಲಿ ಭಕ್ತರು ಮಿಂದು ದೇವರ ಮುಂದೆ ನಿಲ್ಲುವ ನದಿಗಳೇ ಇವು. ಮಾಲಿನ್ಯ ನಿಯಂತ್ರಣ ಮಂಡಳಿಗಳ ಅಂಕಿಗಳು ಇವೆ, ಆದರೆ ಅವು ಕೋಷ್ಟಕಗಳಲ್ಲಿ ಉಳಿಯುತ್ತವೆ. ಮೆಟ್ಟಿಲಿಳಿದು ನೀರಿಗೆ ಕಾಲಿಡುವವನನ್ನು ಅವು ತಲುಪುವುದಿಲ್ಲ. ದೊಡ್ಡ ಕ್ಷೇತ್ರಗಳು ಅನ್ನದಾನಕ್ಕೆ, ಶಾಲೆಗೆ, ಆಸ್ಪತ್ರೆಗೆ ಹಣ ಹಾಕುತ್ತವೆ. ಅದೇ ಶ್ರದ್ಧೆಯಿಂದ ಸ್ನಾನಘಟ್ಟದ ಬಳಿ ಒಂದು ಸಣ್ಣ ನೀರಿನ ಪ್ರಯೋಗಾಲಯ ನಡೆಸುವುದು ಅವುಗಳ ಶಕ್ತಿಗೆ ಮೀರಿದ್ದಲ್ಲ. ಕಾಶಿಯಲ್ಲಿ ಒಬ್ಬ ಮಹಂತರು ಅದನ್ನು ಮಾಡಿ ತೋರಿಸಿದ್ದಾರೆ. ದೇವರ ಸೇವೆಗಳ ದರಪಟ್ಟಿ ತೂಗುಹಾಕುವ ಜಾಗದಲ್ಲೇ ನೀರಿನ ಅಂಕಿಯನ್ನೂ ಬರೆಯಬಹುದು. ಗುಳ್ಳೆ ಬರಲು ಎರಡು ಮೂರು ದಿನ ಬೇಕು, ಆದ್ದರಿಂದ ಫಲಕದ ಮೇಲಿನ ಅಂಕಿ ಯಾವಾಗಲೂ ಕೆಲವು ದಿನ ಹಿಂದಿನ ನೀರಿನದಾಗಿರುತ್ತದೆ. ಅದನ್ನೂ ಮುಚ್ಚಿಡದೆ, ಸೀಸೆ ತುಂಬಿದ ದಿನ, ಹೊತ್ತು, ಯಾವ ಮೆಟ್ಟಿಲು, ತುಂಬಿದವರು ಯಾರು ಎಂದು ಅಂಕಿಯ ಪಕ್ಕದಲ್ಲೇ ಬರೆಯಬೇಕು.